ಫಳ್ನೀರಿನ ಹುಡುಗಿಯ ವಿಚಾರಣೆ

ನಾಝಿಮಾ ಕಾಲೇಜಿನಿಂದ ಮನೆಗೆ ಬರುವಾಗ ಗೇಟಿನ ಹತ್ತಿರವೇ ನೆರೆಮನೆಯ ಮಟಿಲ್ಡಾ ಬಾಯಿ ಕಾದು ನಿಂತಿದ್ದರು. ಕೈಯಲ್ಲಿ ಕೊಡೆ, ಮುಖದಲ್ಲಿ ಹಬ್ಬ.

"ಬೇಗ ಹೋಗು ಮಾರಾಯ್ತಿ, ಅವ ಬಂದಿದ್ದಾನೆ. ಒಳಗೆ ಕೂತಿದ್ದಾನೆ."

"ಯಾರು ಬಾಯಿ?"

"ಎಂತ ಯಾರು? ಮೊನ್ನೆಯಿಂದ ನಿನ್ನ ಬಗ್ಗೆ ಕೇಳ್ತಾ ತಿರುಗ್ತಿದ್ದವ. ನನ್ನ ಹತ್ತಿರವೂ ಕೇಳಿದ. ಹುಡುಗಿ ಹೇಗೆ, ಮನೆಗೆ ಯಾರೆಲ್ಲ ಬರ್ತಾರೆ, ಹೊತ್ತಿಗೆ ಸರಿಯಾಗಿ ಮನೆ ಸೇರ್ತಾಳಾ ಅಂತ. ನಾನು ಚಿನ್ನದಂಥ ಹುಡುಗಿ ಅಂದೆ. ಅಡಿಗೆ ವಿಷಯ ಮಾತ್ರ ಎತ್ತಲಿಲ್ಲ. ಸುಳ್ಳು ಹೇಳಿದ್ರೆ ಮತ್ತೆ ಪಾದ್ರಿಗಳ ಹತ್ತಿರ ಒಪ್ಪಿಕೊಳ್ಬೇಕಾಗ್ತದೆ."

ನಾಝಿಮಾಳ ತಲೆ ಬಿಸಿಯಾಯಿತು. ಮಾರ್ಚಿನಲ್ಲಿ ದಿಲ್ಲಿಗೆ ಹೋಗಿ ಇಂಟರ್‌ವ್ಯೂ ಕೊಟ್ಟು ಬಂದಂದಿನಿಂದ ಅವಳು ನಿಂತಲ್ಲಿ ನಿಲ್ಲುತ್ತಿರಲಿಲ್ಲ, ಕೂತಲ್ಲಿ ಕೂರುತ್ತಿರಲಿಲ್ಲ. ಪೋಸ್ಟ್‌ಮ್ಯಾನನ ಸೈಕಲ್ ಬೆಲ್ ಕೇಳಿದರೆ ಎದೆ ಹಾರುತ್ತಿತ್ತು. ಚಹಾ ಮುಂದಿಟ್ಟುಕೊಂಡು ಮರೆಯುತ್ತಿದ್ದಳು. ಜೂನ್ ಬಂತು, ಮಳೆ ಹಿಡಿಯಿತು, ದಿಲ್ಲಿಯಿಂದ ಮಾತ್ರ ಒಂದು ಕಾರ್ಡೂ ಬರಲಿಲ್ಲ. ಈ ನಡುವೆ ಇದೊಂದು ಬಾಕಿ ಇತ್ತು!

ಒಳಗೆ ಉಮ್ಮ ನಬೀಸಾ ಅರ್ಧ ಮದುವೆ ಮುಗಿಸಿದ್ದರು. ಸೋಡಾ ಅಂಗಡಿಯ ಎದುರು ನಿಂತಿದ್ದವನನ್ನು ಅವರೇ ಒಳಗೆ ಕರೆದು ಬೆತ್ತದ ಕುರ್ಚಿಯಲ್ಲಿ ಕೂರಿಸಿ, ಅಕ್ಕಿರೊಟ್ಟಿಯಂಥ ಪತ್ತಿರ್ ಮತ್ತು ಕೋಳಿ ಸಾರು ಬಡಿಸಿದ್ದರು.

"ಸ್ವಂತ ಮನೆಯಾ?"

"ಹೌದು, ಕಾವೂರಿನಲ್ಲಿ."

"ಕೆಲಸ ಪರ್ಮನೆಂಟಾ?"

"ಹೌದು."

"ಮನೆಯಲ್ಲಿ ಯಾರೆಲ್ಲ?"

"ಉಮ್ಮ ಮಾತ್ರ."

ಪ್ರತಿಯೊಂದು ಉತ್ತರಕ್ಕೂ ಅವನ ಬಟ್ಟಲಿಗೆ ಒಂದೊಂದು ಪತ್ತಿರ್ ಬೀಳುತ್ತಿತ್ತು. ನಾಝಿಮಾ ಬಾಗಿಲಲ್ಲಿ ಕಂಡದ್ದೇ ಅವನು ಕಣ್ಣೆತ್ತಿದ. ಕಪ್ಪು ಮೈಬಣ್ಣ, ಒಪ್ಪವಾಗಿ ಕತ್ತರಿಸಿದ ಮೀಸೆ, ಇಸ್ತ್ರಿ ಹಾಕಿದ ಬಿಳಿ ಶರಟು. ನನ್ನನ್ನು ಇಲ್ಲಿಂದ ಬಿಡಿಸು ಎಂದು ಆ ಕಣ್ಣು ಬೇಡಿಕೊಳ್ಳುತ್ತಿತ್ತು.

"ಉಮ್ಮ, ಇವರ ಹತ್ತಿರ ನನಗೆ ಎರಡು ಮಾತು ಆಡ್ಲಿಕ್ಕುಂಟು. ಜಗಲಿಯಲ್ಲಿ."

"ಬಾಗಿಲು ತೆರೆದಿರಲಿ" ಎಂದರು ಉಮ್ಮ, ಸಂತೋಷ ಅಡಗಿಸಿಕೊಳ್ಳಲಾರದೆ.

ಜಗಲಿಯ ಅಂಚಿನಲ್ಲಿ ಮಳೆನೀರು ಸಾಲಾಗಿ ಬೀಳುತ್ತಿತ್ತು. ನಾಝಿಮಾ ತಡ ಮಾಡಲಿಲ್ಲ.

"ನೋಡಿ, ಊರಿಡೀ ಕೇಳಿಕೊಂಡು ತಿರುಗುವುದು ಬೇಡ. ನಾನೇ ಹೇಳ್ತೇನೆ. ವಯಸ್ಸು ಇಪ್ಪತ್ತೆಂಟು. ನಾನು ತಟ್ಟಿದ ಪತ್ತಿರ್ ದುಂಡಗೆ ಬರುವುದಿಲ್ಲ. ಸಿಟ್ಟು ಬೇಗ ಬರ್ತದೆ. ದಿಲ್ಲಿಯಿಂದ ಆರ್ಡರ್ ಬಂದ ದಿವಸ ಹೊರಡುವವಳು ನಾನು. ಮದುವೆಯ ಆಲೋಚನೆ ಇಲ್ಲ. ಹುಡುಗಿ ಜೋರು, ಬೇಡ ಅಂತ ನಿಮ್ಮ ಉಮ್ಮನಿಗೆ ಹೇಳಿ."

ಅವನು ತನ್ನ ಕಾಲ್ಬೆರಳು ನೋಡುತ್ತ ನಗು ನುಂಗಿಕೊಂಡ. "ಸಿಟ್ಟು ಬೇಗ ಬರ್ತದೆ ಅಂತ ಬರೆದುಕೊಳ್ಬೇಕಾ?"

"ಎಲ್ಲಿ ಬರೆದುಕೊಳ್ಳುವುದು?"

ಅವನು ಒಳಗೊಮ್ಮೆ ನೋಡಿ ದನಿ ತಗ್ಗಿಸಿದ. "ನಾನು ವರ ಅಲ್ಲ. ನನ್ನ ಹೆಸರು ಹಂಝ, ಕೇಂದ್ರದ ಗುಪ್ತಚರ ಪೊಲೀಸಿನವ. ದಿಲ್ಲಿಯವರು ನಿಮ್ಮನ್ನು ಕೆಲಸಕ್ಕೆ ತೆಗೆದುಕೊಳ್ಳುವ ಮೊದಲು ನಿಮ್ಮ ಬಗ್ಗೆ ವಿಚಾರಿಸ್ಲಿಕ್ಕೆ ಹೇಳಿದ್ದಾರೆ. ನಮ್ಮ ಬ್ಯಾರಿ ಭಾಷೆ ಬರ್ತದೆ ಅಂತ ನನ್ನನ್ನು ಕಳಿಸಿದ್ರು."

ನಾಝಿಮಾಳ ಕಿವಿಯವರೆಗೆ ಬಿಸಿ ಏರಿತು. ನೆಲ ಬಿರಿಯಬಾರದೇ ಅನಿಸಿತು. "ಮತ್ತೆ ಪತ್ತಿರ್ ಯಾಕೆ ತಿಂದ್ರಿ?"

"ನಿಮ್ಮ ಉಮ್ಮ ಬಿಡ್ಬೇಕಲ್ಲ! ಬಂದ ಕಾರಣ ಯಾರಿಗೂ ಹೇಳುವ ಹಾಗಿಲ್ಲ. ವರ ಅಲ್ಲ ಅಂದ್ರೆ ಮತ್ತೆ ಯಾರು ಅಂತ ಕೇಳ್ತಾರೆ. ನಿಮಗೂ ಹೇಳ್ಬಾರ್ದಿತ್ತು. ಆದ್ರೆ ನೀವು ಹಾಗೆ ನಿಂತು ಎಲ್ಲ ಹೇಳುವಾಗ ಸುಮ್ಮನಿರ್ಲಿಕ್ಕೆ ಆಗ್ಲಿಲ್ಲ."

ತಡೆದುಕೊಳ್ಳಬೇಕೆಂದಿದ್ದವಳಿಗೆ ನಗು ಬಂದುಬಿಟ್ಟಿತು. ಒಳಗಿನಿಂದ ಮಗಳ ನಗು ಕೇಳಿದ ಉಮ್ಮ ಮತ್ತೆರಡು ಪತ್ತಿರ್ ಬೇಯಿಸಲು ಕೂತರು.

*

ದಿಲ್ಲಿಯ ಕೆಲಸ ಎಂಥದೆಂದು ಫಳ್ನೀರಿನಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. "ಕಂಪ್ಯೂಟರಿಂದು" ಎನ್ನುತ್ತಿದ್ದರು ಉಮ್ಮ. ನಾಝಿಮಾ ಕಂಪ್ಯೂಟರ್ ಮುಟ್ಟಿದವಳೂ ಅಲ್ಲ. ಅವಳು ಅರ್ಥಶಾಸ್ತ್ರದ ಲೆಕ್ಚರರ್.

ಅವಳು ಆ ದಾರಿ ಹಿಡಿದದ್ದು ಬಾಪನ ಅಂಗಡಿಯಿಂದ. ತಂದೆ ಉಮರಬ್ಬರದ್ದು ಬಂದರಿನಲ್ಲಿ ಸಣ್ಣ ಅಂಗಡಿ. ದುಬೈಯಿಂದ ಬಂದವರು ತಂದು ಕೊಟ್ಟ ಕ್ಯಾಲ್ಕುಲೇಟರ್, ಎಲೆಕ್ಟ್ರಾನಿಕ್ ವಾಚು ಮಾರುತ್ತಿದ್ದರು. ಅದರಲ್ಲಿ ಸುಂಕ ಕಟ್ಟಿದ್ದು ಯಾವುದು, ಕಟ್ಟದ್ದು ಯಾವುದು ಎಂದು ಆಗ ಯಾರೂ ಹೆಚ್ಚು ಕೇಳುತ್ತಿರಲಿಲ್ಲ. ಅವಳು ಬಿ.ಎ. ಓದುವಾಗ ಬಾಪ ಆಸೆಪಟ್ಟು ಒಂದು ದೊಡ್ಡ ಪೆಟ್ಟಿಗೆ ವಾಚು ತರಿಸಿದರು. ಕಪಾಟಿನಲ್ಲಿ ಕೂತಲ್ಲೇ ಅವುಗಳ ಬೆಲೆ ಅರ್ಧಕ್ಕರ್ಧ ಇಳಿದುಹೋಯಿತು. "ಮೀನು ಆದ್ರೆ ಹಾಳಾಯ್ತು ಅನ್ನಬಹುದು. ವಾಚಿಗೆ ಎಂತ ಆಯ್ತು?" ಎಂದು ಬಾಪ ತಿಂಗಳುಗಟ್ಟಲೆ ಕೇಳಿದರು. ಉತ್ತರ ಹುಡುಕುತ್ತ ಹೋದ ಮಗಳು ವಾಚಿನೊಳಗಿನ ಚಿಪ್‌ಗೆ ಬಂದು ನಿಂತಳು. ಬೊಂಬಾಯಿಯಲ್ಲಿ ಸೋದರಮಾವನ ಮನೆಯಲ್ಲಿದ್ದು ಅದರ ಮೇಲೆಯೇ ಪಿಎಚ್.ಡಿ. ಮಾಡಿದಳು. ಯುದ್ಧ ಬಂದು ಹೊರದೇಶದ ಚಿಪ್ ನಿಂತುಹೋದರೆ ನಮ್ಮ ರೇಡಾರುಗಳು ಎಷ್ಟು ದಿನ ಕಣ್ಣು ಬಿಟ್ಟುಕೊಂಡಿದ್ದಾವು ಎಂದು ಕೇಳುವ ಲೇಖನವೊಂದನ್ನು ಬರೆದಳು. ದಿಲ್ಲಿಯಲ್ಲಿ ಯಾರೋ ಅದನ್ನು ಓದಿದರು. ಹಾಗೆ ಬಂದ ಕರೆ ಅದು.

ಇದನ್ನೆಲ್ಲ ಅವಳು ಹಂಝನಿಗೆ ಹೇಳಿದ್ದು ಬಾವುಟಗುಡ್ಡೆಯ ಕಲ್ಲುಬೆಂಚಿನ ಮೇಲೆ. ವಿಚಾರಣೆಗೆ ಅವನು ಮತ್ತೆ ಮತ್ತೆ ಬರಬೇಕಾಯಿತು. ಮನೆಯಲ್ಲಿ ಕೂತರೆ ಉಮ್ಮನ ವಿಚಾರಣೆಯೇ ಮುಗಿಯುತ್ತಿರಲಿಲ್ಲ. ಮಳೆ ಬಿಟ್ಟ ಒಂದು ಸಂಜೆ, ಕೆಳಗೆ ಹೆಂಚಿನ ಮಾಡುಗಳಾಚೆ ಕಡಲು ಬೂದಿಬಣ್ಣಕ್ಕೆ ತಿರುಗಿತ್ತು.

"ಒಂದು ಬೆರಳಿನ ಉಗುರಿನಷ್ಟು ವಸ್ತು. ಅದಕ್ಕೆ ಪೊಲೀಸರು ಯಾಕೆ?" ಎಂದು ಕೇಳಿದ ಹಂಝ.

"ಅದನ್ನು ಮಾಡುವವರು ಎರಡು ಮೂರು ದೇಶದವರು ಮಾತ್ರ. ಅವರಿಗೆ ಸಿಟ್ಟು ಬಂದ್ರೆ ಕೊಡುವುದಿಲ್ಲ. ಹಾಗಂತ ಎಲ್ಲ ನಾವೇ ಮಾಡುವಾ ಅಂದ್ರೆ, ಕಾರ್ಖಾನೆ ಕಟ್ಟಿ ಮುಗಿಸುವಾಗ ಬೆಲೆ ಅರ್ಧ ಆಗಿರ್ತದೆ. ಈಗ ನೋಡಿ, ಜಪಾನಿನವರು ಮೆಮೊರಿ ಚಿಪ್‌ನ ಬೆಲೆ ಎಷ್ಟು ಇಳಿಸಿದ್ದಾರೆ ಅಂದ್ರೆ ಅಮೆರಿಕದವರೇ ಗಾಬರಿಯಾಗಿದ್ದಾರೆ. ಯಾವುದನ್ನು ಕೊಂಡರೆ ಸಾಕು, ಯಾವುದನ್ನು ನಷ್ಟ ಆದ್ರೂ ನಾವೇ ಮಾಡ್ಬೇಕು, ಅದನ್ನು ಯಾರಾದ್ರೂ ಕೂತು ಆಲೋಚಿಸ್ಬೇಕಲ್ಲ?"

"ಆ ಯಾರಾದ್ರೂ ಅಂದ್ರೆ ನೀವು."

"ನೀವು ಹೋಗ್ಲಿಕ್ಕೆ ಬಿಟ್ರೆ."

ಅವನು ನಕ್ಕ. ನಗುವಾಗ ಅವನು ಮುಖ ತಗ್ಗಿಸುವುದನ್ನು ಅವಳು ಅಷ್ಟರಲ್ಲಿ ಕಂಡುಕೊಂಡಿದ್ದಳು. ಆ ನಗು ಪೂರ್ತಿ ನೋಡಬೇಕಾದರೆ ತಾನೂ ಸ್ವಲ್ಪ ಬಗ್ಗಬೇಕು. ಬಗ್ಗಿದಳು. ಅವನು ಥಟ್ಟನೆ ತಲೆಯೆತ್ತಿದ. ಇಬ್ಬರೂ ಒಮ್ಮೆಲೇ ಕಡಲಿನ ಕಡೆ ತಿರುಗಿ, ಅಲ್ಲಿ ನೋಡುವಂಥದ್ದೇನೋ ಇದೆ ಎಂಬ ಹಾಗೆ ಕೂತರು.

ಅವನು ಜೇಬಿನಿಂದ ಪುಸ್ತಕ, ಪೆನ್ನು ತೆಗೆದು, "ನಿಮ್ಮ ಅಣ್ಣ ದುಬೈಯಲ್ಲಿ ಎಂತ ವ್ಯಾಪಾರ ಮಾಡ್ತಾರೆ?" ಎಂದು ಕೇಳಿದ. ದನಿ ಮೆತ್ತಗಿತ್ತು, ಆದರೆ ಅದು ಕಚೇರಿಯ ಪ್ರಶ್ನೆ.

"ಎಲೆಕ್ಟ್ರಾನಿಕ್ ಸಾಮಾನು. ಟಿ.ವಿ., ಟೇಪ್‌ರೆಕಾರ್ಡರ್, ಬಿಡಿಭಾಗ." ಹೇಳುತ್ತಿದ್ದಂತೆ ಅದು ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಅವಳಿಗೆ ಹೊಳೆಯಿತು. ಯಾವ ಚಿಪ್ ಕೊಳ್ಳಬೇಕೆಂದು ಸರ್ಕಾರಕ್ಕೆ ಹೇಳಬೇಕಾದವಳು, ಅದನ್ನೇ ಮಾರುವವನ ತಂಗಿ.

"ಬರೆದುಕೊಳ್ಳಿ" ಎಂದಳು. "ಮುಚ್ಚಿಡುವಂಥದ್ದು ಎಂತದೂ ಇಲ್ಲ."

ಅವನು ಬರೆದುಕೊಳ್ಳಲಿಲ್ಲ. ಪೆನ್ನು ಜೇಬಿಗೆ ಸೇರಿಸಿ, "ಕತ್ತಲಾಗ್ತದೆ, ನಿಮ್ಮನ್ನು ಮನೆಗೆ ಬಿಟ್ಟು ಹೋಗ್ತೇನೆ" ಎಂದ.

ಅದಾದ ಮೇಲೆ ಅವನು ಬರಲಿಲ್ಲ.

*

ಮೊದಲು ಉಮ್ಮ ಕೇಳಿದರು, ಆಮೇಲೆ ಮಟಿಲ್ಡಾ ಬಾಯಿ. ಕೊನೆಗೆ ಸೋಡಾ ಅಂಗಡಿಯವನೂ, "ಅವ್ರು ಕಾಣುವುದಿಲ್ಲ ಈಗ?" ಎಂದ.

ಮೊದಲೇ ತಳಮಳದಲ್ಲಿದ್ದವಳಿಗೆ ಈಗ ಎರಡು ತಳಮಳ. ಪೋಸ್ಟ್‌ಮ್ಯಾನನಿಗೆ ಕಾದಂತೆ ಗೇಟಿನ ಸದ್ದಿಗೂ ಕಾಯತೊಡಗಿದಳು. ಕಾಲೇಜಿಗೆ ಹೋಗುವಾಗ ಇಸ್ತ್ರಿ ಹಾಕಿದ ಬಿಳಿ ಶರಟು ದೂರದಲ್ಲಿ ಕಂಡರೂ ಕಾಲು ನಿಧಾನವಾಗುತ್ತಿತ್ತು. ಹತ್ತಿರ ಬಂದರೆ ಯಾರೋ ಮೆಡಿಕಲ್ ರೆಪ್ರೆಸೆಂಟೇಟಿವ್. ದುಪಟ್ಟಾ ಮೂರು ಸಲ ಬದಲಿಸಿ, ಯಾರಿಗಾಗಿ ಎಂದು ತನ್ನನ್ನೇ ಬೈದುಕೊಂಡಳು. ತಡೆಯಲಾರದೆ ಒಂದು ಶನಿವಾರ ಪಣಂಬೂರಿನ ಬಸ್ಸು ಹತ್ತಿದಳು. ಅಲ್ಲಿನ ಹೊಸ ಬಂದರಿನ ಹತ್ತಿರ ಅವನ ಕಚೇರಿ ಎಂದು ಮಾತಿನ ನಡುವೆ ಕೇಳಿದ್ದಳು.

ಅಲ್ಲಿ ರಸ್ತೆಯೆಲ್ಲ ಅದಿರಿನ ಕೆಂಪು ಕೆಸರು. ಲಾರಿಗಳ ಸಾಲಿನ ನಡುವೆ ನಡೆದು, ಕೇಳಿ ಕೇಳಿ ಹುಡುಕಿದಳು. ಅವಳನ್ನು ನೋಡಿದ ಹಂಝ ಕುರ್ಚಿಯಿಂದ ಎದ್ದವನು ರೇನ್‌ಕೋಟಿನ ಒಂದೇ ತೋಳು ಹಾಕಿಕೊಂಡು ಹೊರಗೆ ಬಂದ. ಕ್ಯಾಂಟೀನಿನ ಶೀಟಿನ ಮಾಡಿನಡಿ ನಿಂತರು. ಮೇಲೆ ಮಳೆಯ ಗದ್ದಲ.

"ನೀವು ಬರುವುದು ನಿಲ್ಲಿಸಿದ್ದೀರಿ."

"ಕೇಸು ಈಗ ನನ್ನ ಹತ್ತಿರ ಇಲ್ಲ. ತಾರಾನಾಥ ಸಾರ್ ಅಂತ ಇದ್ದಾರೆ, ಅವರು ಬರ್ತಾರೆ. ಮೊದಲಿನಿಂದ ಶುರು ಮಾಡ್ತಾರೆ."

"ಮೊದಲಿನಿಂದ? ಯಾಕೆ? ನಾನು ಎಂತ ತಪ್ಪು ಹೇಳಿದೆ?"

"ನೀವು ಹೇಳಿದ್ದರಲ್ಲಿ ತಪ್ಪಿಲ್ಲ. ನಾನೇ ಬಿಟ್ಟೆ." ಅವನು ಮಳೆಯ ಕಡೆ ನೋಡುತ್ತ ಹೇಳಿದ. "ರಿಪೋರ್ಟ್ ಬರೀಲಿಕ್ಕೆ ಕೂತೆ. ನಿಮ್ಮ ಅಣ್ಣನ ವಿಷಯ ಬರುವಾಗ ಕೈ ನಿಂತಿತು. ಹೇಗೆ ಬರೆದ್ರೆ ನಿಮಗೆ ತೊಂದರೆ ಆಗ್ಲಿಕ್ಕಿಲ್ಲ ಅಂತ ಆಲೋಚನೆ ಮಾಡ್ಲಿಕ್ಕೆ ಶುರು ಮಾಡಿದೆ. ಹಾಗೆ ಆಲೋಚನೆ ಮಾಡುವವ ಬರೀಬಾರ್ದು. ಈ ವಿಷಯದಲ್ಲಿ ನನ್ನ ಮನಸ್ಸು ನೇರ ಇಲ್ಲ ಅಂತ ಸಾಹೇಬರ ಹತ್ತಿರ ಹೇಳಿದೆ."

"ನೇರ ಇಲ್ಲ ಅಂದ್ರೆ?"

ಈಗ ಅವನು ಮುಖ ತಗ್ಗಿಸಲಿಲ್ಲ. "ನಾನು ಯಾಕೆ ಬರ್ತಿದ್ದೇನೆ ಅಂತ ನಿಮ್ಮ ಉಮ್ಮ ತಿಳ್ಕೊಂಡಿದ್ದಾರಲ್ಲ, ಅದೇ ನಿಜ ಆಗ್ಲಿ ಅಂತ ನನಗೆ ಆಸೆ ಆಗಿದೆ."

ಈ ಮಾತು ಕೇಳಬೇಕೆಂದೇ ತಾನು ಬಸ್ಸು ಹತ್ತಿದ್ದೆಂದು ನಾಝಿಮಾಳಿಗೆ ಆ ಕ್ಷಣಕ್ಕೆ ಗೊತ್ತಾಯಿತು. ಮರುಕ್ಷಣವೇ ಇನ್ನೊಂದು ಗೊತ್ತಾಯಿತು.

"ಆಗಸ್ಟಿನ ಒಳಗೆ ಸೇರದಿದ್ರೆ ಆ ಜಾಗ ಬೇರೆಯವರಿಗೆ ಹೋಗ್ತದೆ ಅಂತ ಇಂಟರ್‌ವ್ಯೂನಲ್ಲೇ ಹೇಳಿದ್ರು. ನಿಮಗೆ ಗೊತ್ತುಂಟಾ?"

"ಗೊತ್ತುಂಟು."

"ಗೊತ್ತಿದ್ದೂ ಬಿಟ್ರಾ?"

"ಗೊತ್ತಿದ್ದೂ ಬಿಟ್ಟೆ."

"ಆಸೆ ಆದದ್ದು ನಿಮಗೆ, ಕೆಲಸ ಹೋಗುವುದು ನನ್ನದು. ಒಳ್ಳೆ ಪ್ರೀತಿ ಮಾರಾಯ್ರೇ!" ಎಂದವಳು ಕೊಡೆ ಬಿಡಿಸುವುದನ್ನೂ ಮರೆತು ಮಳೆಗಿಳಿದಳು. ಹಿಂದಿನಿಂದ ಅವನು ಕರೆದ. ತಿರುಗಲಿಲ್ಲ. ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ಕೂತಳು. ಕೆನ್ನೆಯ ಮೇಲಿನದ್ದು ಮಳೆನೀರು ಎಂದುಕೊಂಡಿರಲಿ ಪಕ್ಕದ ಹೆಂಗಸು.

*

ಸಿಟ್ಟು ಎರಡು ದಿನ ಉರಿಯಿತು. ಸೋಮವಾರ ಕ್ಲಾಸಿನಲ್ಲಿ ಅವಳು ಯೋಜನೆಗಳ ಲಾಭ ನಷ್ಟ ಅಳೆಯುವ ಪಾಠ ಮಾಡುತ್ತಿದ್ದಳು. "ಕಾರ್ಖಾನೆ ಹಾಕಬೇಕೋ ಬೇಡವೋ ಎಂದು ಅಂಕಿ ಅಂಶ ಕೊಟ್ಟವರು ಯಾರು, ಅದನ್ನು ಮೊದಲು ನೋಡಿ. ಯಂತ್ರ ಮಾರುವವನೇ ಈ ಯಂತ್ರ ಒಳ್ಳೆಯದು ಎಂದರೆ ನಂಬಬೇಡಿ. ಅವನು ಹೇಳಿದ್ದು ಸತ್ಯವೇ ಇರಬಹುದು. ಆದರೂ..."

ಚಾಕ್ ಬೋರ್ಡಿನ ಮೇಲೆಯೇ ನಿಂತಿತು. ಮುಂದಿನ ಸಾಲಿನ ಹುಡುಗಿಯರು ಮುಖ ಮುಖ ನೋಡಿಕೊಂಡರು.

ಅವನು ಬರೆದುಬಿಟ್ಟಿದ್ದರೆ? ಕೆಲಸ ಸಿಗುತ್ತಿತ್ತು. ಮುಂದೊಂದು ದಿನ ಇವಳು ವಿಚಾರಣೆಗೆ ಬಂದವನನ್ನೇ ಮದುವೆಯಾದವಳು ಎಂದು ದಿಲ್ಲಿಯಲ್ಲಿ ಯಾರಾದರೂ ಕಂಡುಹಿಡಿದಾಗ, ಅವಳು ಬರೆದ ಒಂದೊಂದು ಸಾಲೂ ಅನುಮಾನಕ್ಕೆ ಬೀಳುತ್ತಿತ್ತು. ಅವನು ಅವಳ ಕೆಲಸಕ್ಕೆ ಅಡ್ಡ ಬಂದದ್ದು ನಿಜ. ಅವಳ ಮಾತಿನ ಬೆಲೆ ಉಳಿಸಿದ್ದೂ ಅವನೇ.

ಅಷ್ಟಾದರೂ ಅವನ ಮೇಲಿನ ಸಿಟ್ಟು ಪೂರ್ತಿ ಹೋಗಲಿಲ್ಲ. ಆ ಸಿಟ್ಟು ಈಗ ಬೇರೆ ಥರ. ಅವನನ್ನು ಎದುರು ಕೂರಿಸಿಕೊಂಡು ಬೈಯಬೇಕು, ಬೈಯುತ್ತಲೇ ಇರಬೇಕು ಅನಿಸುವ ಸಿಟ್ಟು.

ಆ ಸಂಜೆ ಬಾಪನಿಗೂ ಉಮ್ಮನಿಗೂ ವಿಚಾರಣೆಯ ವಿಷಯವೆಲ್ಲ ಹೇಳಿದಳು. ಉಮ್ಮ ಬಾಯಿಗೆ ಕೈ ಇಟ್ಟುಕೊಂಡರು. "ಅಲ್ಲಾ, ಪೊಲೀಸಾ? ಅವನಿಗಾ ನಾನು ಅಷ್ಟು ಪತ್ತಿರ್ ಹಾಕಿದ್ದು?"

"ಬಾಪ, ಅಂಗಡಿಯ ವಿಷಯವೂ ಅವರು ಬರೀತಾರೆ" ಎಂದಳು ನಾಝಿಮಾ.

ಉಮರಬ್ಬ ಕನ್ನಡಕ ತೆಗೆದು ಒರೆಸಿದರು. "ಬರೀಲಿ. ಮಾರಿದ್ದು ನಾನು. ನಿನ್ನ ಹೆಸರಿಗೆ ಅಂಟದ ಹಾಗೆ ಬರೀಲಿಕ್ಕೆ ಹೇಳು, ಅಷ್ಟೇ."

ತಾರಾನಾಥ ಸಾರ್ ಬಂದದ್ದು ಗುರುವಾರ. ನಿವೃತ್ತಿಗೆ ಹತ್ತಿರವಾದ, ನಿಧಾನದ ಮನುಷ್ಯ. ಉಮ್ಮ ಅವರಿಗೆ ಬರೀ ಚಹಾ ಕೊಟ್ಟರು. ನಾಝಿಮಾ ಅಣ್ಣನ ವ್ಯಾಪಾರ, ಬಾಪನ ಅಂಗಡಿ, ತಾನು ಪತ್ರ ಬರೆಯುವ ಸಿಂಗಾಪುರದ ಪ್ರೊಫೆಸರ್, ಒಂದೂ ಬಿಡದೆ ಹೇಳಿದಳು. ಅವರು ಪೆನ್ನಿಗೆ ಮುಚ್ಚಳ ಹಾಕಲು ಹೊರಟಾಗ ತಡೆದಳು.

"ಇನ್ನೊಂದುಂಟು ಸಾರ್. ಮೊದಲು ಬಂದಿದ್ದ ಹಂಝ ಅವರನ್ನು ನಾನು ಮದುವೆ ಆಗುವವಳಿದ್ದೇನೆ. ಅದನ್ನೂ ಬರೀರಿ. ಮುಚ್ಚಿಟ್ಟಳು ಅಂತ ನಾಳೆ ಯಾರೂ ಹೇಳ್ಬಾರ್ದು."

ಅಡುಗೆಮನೆಯಲ್ಲಿ ಲೋಟವೊಂದು ಠಣ್ಣೆಂದು ಬಿತ್ತು.

ತಾರಾನಾಥ ಸಾರ್ ಕನ್ನಡಕದ ಮೇಲಿನಿಂದ ಅವಳನ್ನು ನೋಡಿದರು. "ಅವನಿಗೆ ಗೊತ್ತುಂಟಾ?"

"ಇಲ್ಲ. ಇವತ್ತು ಹೋಗಿ ಹೇಳ್ತೇನೆ."

"ಹಾಗಾದ್ರೆ ಮೊದಲು ಹೇಳಿ ಬನ್ನಿ. ಅವ ಆಗುವುದಿಲ್ಲ ಅಂದ್ರೆ ನನ್ನ ರಿಪೋರ್ಟ್ ಸುಳ್ಳಾಗ್ತದೆ."

*

ಆ ಸಂಜೆ ಕಾವೂರಿನ ಕೆರೆಯ ಹತ್ತಿರ ಬಸ್ಸಿಳಿದು ಮನೆ ಕೇಳಿಕೊಂಡು ಹೋದಾಗ ಹಂಝ ಅಂಗಳದಲ್ಲಿ ಲುಂಗಿ ಮೇಲೆತ್ತಿ ಕಟ್ಟಿ ತೆಂಗಿನಕಾಯಿ ಸುಲಿಯುತ್ತಿದ್ದ. ಅವಳನ್ನು ಕಂಡು ಲುಂಗಿ ಇಳಿಸುವ ಗಡಿಬಿಡಿಯಲ್ಲಿ ಕಾಯಿ ಉರುಳಿ ಅವಳ ಕಾಲ ಬಳಿ ಬಂತು.

"ನಾನು ಇನ್ನೂ ಸಿಟ್ಟಲ್ಲಿದ್ದೇನೆ" ಎಂದಳು ನಾಝಿಮಾ.

"ಗೊತ್ತುಂಟು."

"ತಾರಾನಾಥ ಸಾರ್ ಹತ್ತಿರ ಒಂದು ಮಾತು ಹೇಳಿದ್ದೇನೆ. ನಿಮ್ಮನ್ನು ಮದುವೆ ಆಗ್ತೇನೆ ಅಂತ. ನಿಮ್ಮನ್ನು ಕೇಳ್ಲಿಕ್ಕೆ ಪುರುಸೊತ್ತಾಗ್ಲಿಲ್ಲ. ಈಗ ಕೇಳ್ತಿದ್ದೇನೆ."

ಅವನು ಬಗ್ಗಿ ಕಾಯಿ ಎತ್ತಿಕೊಂಡ. ಬಾಯಿ ತೆರೆದ, ಮುಚ್ಚಿದ. ಊರಿಗೆಲ್ಲ ಪ್ರಶ್ನೆ ಕೇಳಿದವನಿಗೆ ಒಂದು ಉತ್ತರ ಹೇಳಲಾಗುತ್ತಿಲ್ಲವಲ್ಲ ಎಂದು ಅವಳಿಗೆ ಪಾಪ ಅನಿಸಿತು.

"ದಿಲ್ಲಿ?" ಎಂದ ಕೊನೆಗೆ.

"ಸಿಕ್ಕಿದ್ರೆ ಹೋಗ್ತೇನೆ. ಸಿಗದಿದ್ರೆ ಮತ್ತೆ ಅರ್ಜಿ ಹಾಕ್ತೇನೆ. ಅದನ್ನು ಬಿಡುವವಳಲ್ಲ ನಾನು."

"ಬಿಡ್ಬೇಡಿ. ನಾನು ಟ್ರಾನ್ಸ್‌ಫರ್ ಕೇಳ್ತೇನೆ. ಸಿಗುವವರೆಗೆ ಹೋಗಿ ಬಂದು ಮಾಡ್ತೇನೆ." ಆಮೇಲೆ, ಅವಳು ಸರಿಯಾಗಿ ಕೇಳಿಸಿಕೊಳ್ಳಲಿ ಎಂಬಂತೆ ಒಂದು ಹೆಜ್ಜೆ ಹತ್ತಿರ ಬಂದು, "ಆಗ್ತೇನೆ" ಎಂದ.

ಆಗಸ್ಟ್ ದಾಟಿತು. ಆ ಜಾಗ ಬೇರೆಯವರಿಗೆ ಹೋಯಿತು. ಆ ಸುದ್ದಿಯ ಕಾಗದ ಬಂದ ದಿನ ನಾಝಿಮಾ ಊಟ ಮಾಡಲಿಲ್ಲ. ಸಂಜೆ ಬಂದ ಹಂಝ ಜಗಲಿಯಲ್ಲಿ ಸ್ವಲ್ಪ ದೂರದಲ್ಲಿ ಕೂತ.

"ಬೇಸರ ಉಂಟಾ?"

"ಉಂಟು. ಆಗಸ್ಟ್ ದಾಟಿದಂದಿನಿಂದ ದಿನಾ ಆಗ್ತದೆ" ಎಂದಳು. "ಮತ್ತೆ ಸಂಜೆ ನೀವು ಬರ್ತೀರಿ, ಸ್ವಲ್ಪ ಕಡಿಮೆ ಆಗ್ತದೆ."

ಅವನು ತಾನು ಕೂತ ಜಾಗದಿಂದ ಸ್ವಲ್ಪ ಇತ್ತ ಸರಿದ.

ನವೆಂಬರಿನಲ್ಲಿ ದಿಲ್ಲಿಯಿಂದ ಇನ್ನೊಂದು ಆರ್ಡರ್ ಬಂತು. ಸಣ್ಣ ಹುದ್ದೆ, ಒಂದು ವರ್ಷದ ಕರಾರು. ಅಣ್ಣನ ವ್ಯಾಪಾರದ ದೆಸೆಯಿಂದ ಖರೀದಿಯ ಕಡತಗಳನ್ನು ಅವಳು ಮುಟ್ಟುವಂತಿಲ್ಲ. ದೇಶದೊಳಗೆ ಏನನ್ನು ಮಾಡಬೇಕೆಂಬ ಅಧ್ಯಯನ ಮಾತ್ರ. ಅವಳಿಗೆ ಬೇಕಾದದ್ದೂ ಅದೇ. ಡಿಸೆಂಬರಿನಲ್ಲಿ ನಿಕಾಹ್ ಆಯಿತು. ಮಟಿಲ್ಡಾ ಬಾಯಿ ಹೊಸ ಸೀರೆ ಉಟ್ಟು ಬಂದು, ಈ ಸಂಬಂಧ ಕುದುರಿಸಿದ್ದು ತಾನೇ ಎಂದು ಊಟದ ಮನೆಯಲ್ಲೆಲ್ಲ ಹೇಳಿದರು.

ಜನವರಿಯಲ್ಲಿ ರೈಲು ಹತ್ತಿಸಲು ಹಂಝ ಬಂದ. ಕಿಟಕಿಯ ಸರಳಿನ ಆಚೆ ನಿಂತವನಿಗೆ ಕೈ ಎಲ್ಲಿಡಬೇಕೆಂದು ತಿಳಿಯದು.

"ಅಲ್ಲಿ ಯಾರ ಕೈಕೆಳಗೆ ಕೆಲಸ? ಮೊದಲು ಎಂತ ಕೊಡ್ತಾರೆ?"

"ಅದೆಲ್ಲ ಹೊರಗಿನವರಿಗೆ ಹೇಳುವ ಹಾಗಿಲ್ಲ."

"ನಾನು ಹೊರಗಿನವನಾ?"

"ಕಾನೂನು ಪ್ರಕಾರ ಹೌದು" ಎಂದು ನಾಝಿಮಾ ನಕ್ಕಳು. ಕಣ್ಣು ತುಂಬಿತ್ತು.

"ಮತ್ತೆ ನಾನು ಫೋನಿನಲ್ಲಿ ಎಂತ ಕೇಳ್ಲಿ ಮಾರಾಯ್ತಿ?"

"ಊಟ ಆಯ್ತಾ ಅಂತ ಕೇಳಿ."

ಹಾಗೆಯೇ ಕೇಳಿದ. ಪ್ರತಿ ಭಾನುವಾರ ಟ್ರಂಕ್ ಕಾಲ್ ಬುಕ್ ಮಾಡಿ, ಗಂಟೆಗಟ್ಟಲೆ ಕಾದು, ಗರಗರ ಸದ್ದಿನ ನಡುವೆ ಕೂಗಿ ಕೇಳುತ್ತಿದ್ದ. ದಿಲ್ಲಿಯ ಚಳಿಯಲ್ಲಿ, ಹಾಸ್ಟೆಲಿನ ಕಾರಿಡಾರಿನಲ್ಲಿ ಶಾಲು ಹೊದ್ದು ನಿಂತ ನಾಝಿಮಾಳ ಬಾಯಲ್ಲಿ ವಾರದ ಮಾತೆಲ್ಲ ತುಂಬಿರುತ್ತಿತ್ತು: ಅವಳ ಮಾತು ಕಿವಿಗೇ ಹಾಕಿಕೊಳ್ಳದ ಮೇಲಧಿಕಾರಿ, ಕಡೆಗೊಮ್ಮೆ ಅದೇ ಅಧಿಕಾರಿ ಒಪ್ಪಿಕೊಂಡ ಅವಳ ಒಂದು ಪುಟ. ಯಾವುದನ್ನೂ ಹೇಳುವ ಹಾಗಿರಲಿಲ್ಲ. "ಆಯ್ತು, ನಿಮ್ಮದು?" ಎನ್ನುತ್ತಿದ್ದಳು. ಆ ಎರಡು ಮಾತಿನಲ್ಲಿ ಅವನಿಗೆ ಅದೆಷ್ಟು ತಿಳಿಯುತ್ತಿತ್ತೋ, ಅವಳಿಗಂತೂ ಇನ್ನೊಂದು ವಾರ ಕಳೆಯಲು ಸಾಕಾಗುತ್ತಿತ್ತು.

ಮಾರ್ಚಿನ ಕೊನೆಯ ಭಾನುವಾರ ಅವನು ಊಟದ ವಿಷಯ ಎತ್ತಲಿಲ್ಲ.

"ಟ್ರಾನ್ಸ್‌ಫರ್ ಆಯ್ತು ನಾಝೀ. ಮುಂದಿನ ತಿಂಗಳು ಬರ್ತೇನೆ."

ಲೈನು ಆ ದಿನ ಪಕ್ಕದ ಕೋಣೆಯಿಂದ ಮಾತಾಡಿದಷ್ಟು ಸ್ಪಷ್ಟವಾಗಿತ್ತು. ನಾಝಿಮಾ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದು ಗೋಡೆಗೊರಗಿದಳು.

"ಕೇಳಿಸ್ಲಿಲ್ಲ" ಎಂದಳು. "ಇನ್ನೊಮ್ಮೆ ಹೇಳಿ."